ಹಿಡಿದವರ ಹೆಸರು

"ನಿಮ್ಮ ಯಂತ್ರಕ್ಕೆ ನನ್ನ ಮೇಲೆ ಏನು ದ್ವೇಷ ರೀ?"

ಬಾಗಿಲು ತಟ್ಟದೆ ಒಳಬಂದವಳು ನಾಲ್ಕು ಹಾಳೆಗಳನ್ನು ಅವನ ಮೇಜಿನ ಮೇಲೆ ಹರಡಿದಳು. ನಾಲ್ಕರ ಕೊನೆಯ ಸಾಲೂ ಒಂದೇ. ಪ್ರೋಗ್ರಾಂ ತಿರಸ್ಕೃತ.

ಅವನು ನಿಧಾನವಾಗಿ ತಲೆಯೆತ್ತಿದ.

"ದ್ವೇಷ ಇಲ್ಲ," ಅಂದ. "ನಂಬಿಕೆ ಇಲ್ಲ. ಅಷ್ಟೇ."

'ಅಬ್ಬಾ! ಏನು ಗತ್ತು ಇವನದು!' ಅವಳ ಕೆನ್ನೆ ಬಿಸಿಯಾಯಿತು.

ಅದು ತುರ್ತು ಕರೆಗಳ ಕೇಂದ್ರ. ಊರಲ್ಲಿ ಎಲ್ಲಿ ಬೆಂಕಿ ಬಿದ್ದರೂ, ಯಾರಿಗೆ ಎದೆನೋವು ಬಂದರೂ ಮೊದಲು ಮೊಳಗುವುದು ಅಲ್ಲಿನ ಕೆಳಮಹಡಿಯ ಫೋನುಗಳು. ಕರೆಗಳನ್ನು ಹೊತ್ತು ತರುವ ಸರ್ವರ್‌ಗಳು ಮೇಲಿನ ಮಹಡಿಯಲ್ಲಿದ್ದವು. ಅವುಗಳ ಹೊಣೆ ಅವನದು. ಎಲ್ಲರ ಬಾಯಲ್ಲೂ ಅವನು ದ್ವಾರಪಾಲಕ. ನಡುವೆ ತುಂಡಾದ ಕರೆಗಳ ಧ್ವನಿಮುದ್ರಣ ಕೇಳಿ ವರದಿ ಬರೆಯುವುದು ಅವಳ ಕೆಲಸ. ಅವಳಿಗೆ ಅಂಟಿದ್ದ ಹೆಸರು ಕಿವಿಯಮ್ಮ.

ಕೆಳಗಿನ ಏಳನೇ ಕುರ್ಚಿಯಲ್ಲಿ ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಕೂರುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಅದೇ ಹೆಡ್‌ಫೋನು, ಅದೇ ತಣ್ಣನೆಯ ದನಿ. ಹೋದ ತಿಂಗಳು ಮುದುಕರೊಬ್ಬರು ಕರೆ ಮಾಡಿ, "ನನ್ನ ಹೆಂಡ್ತಿ ಏಳ್ತಾ ಇಲ್ಲಮ್ಮಾ..." ಅನ್ನುತ್ತಿರುವಾಗಲೇ ಕರೆ ತುಂಡಾಯಿತು. ದೈವ ದೊಡ್ಡದು, ಅವರು ಮತ್ತೆ ಕರೆ ಮಾಡಿದರು, ಆ ಜೀವ ಉಳಿಯಿತು. ಆದರೆ ದೂರು ಬಂತು. ವಯಸ್ಸಾದವಳು, ಕೈತಪ್ಪಿ ಗುಂಡಿ ಒತ್ತಿದ್ದಾಳೆ ಎಂದು. ಇನ್ನು ಇಪ್ಪತ್ತೊಂದು ದಿನಕ್ಕೆ ವಿಚಾರಣೆ. ತಪ್ಪು ತನ್ನದಲ್ಲ ಎಂದು ತೋರಿಸಲಾಗದಿದ್ದರೆ ಚಿಕ್ಕಮ್ಮ ಆ ಕುರ್ಚಿ ಬಿಡಬೇಕು.

ಚಿಕ್ಕಮ್ಮ ಅಳಲಿಲ್ಲ. ರಾತ್ರಿ ಊಟ ಮಾತ್ರ ಅರ್ಧಕ್ಕೇ ಬಿಡತೊಡಗಿದಳು.

ಗುಂಡಿಯಲ್ಲ, ಯಂತ್ರವೇ ಕರೆಯನ್ನು ಕೈಬಿಡುತ್ತಿದೆ ಎಂಬ ಗುಮಾನಿ ಕಿವಿಯಮ್ಮನಿಗೆ. ಅದನ್ನು ನೋಡಬೇಕೆಂದರೆ ಯಂತ್ರದ ಒಳಗಿನ ಒಳಗೆ ಹೋಗಬೇಕು. ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಗರ್ಭಗುಡಿಯಿದೆ, ಅದೇ ಕರ್ನಲ್. ಹೊರಗಿನ ಪ್ರೋಗ್ರಾಂ ಒಂದು ಕೆಟ್ಟರೆ ಅದೊಂದೇ ಕೆಡುತ್ತದೆ. ಕರ್ನಲ್ ಒಳಗೆ ಕೆಟ್ಟರೆ ಇಡೀ ಯಂತ್ರ ಕುಸಿಯುತ್ತದೆ, ಊರಿನ ಕರೆಗಳೆಲ್ಲ ಮೂಕವಾಗುತ್ತವೆ. ಹಾಗಾಗಿ ಯಾರಾದರೂ ಪುಟ್ಟ ಪ್ರೋಗ್ರಾಂ ಬರೆದು ಒಳಗಿಡಲು ಹೊರಟರೆ, ಹೊಸ್ತಿಲಲ್ಲೇ ವೆರಿಫೈಯರ್ ಎಂಬ ಪರೀಕ್ಷಕ ಅದರ ಸಾಲುಸಾಲನ್ನೂ ನಡೆದು ನೋಡುತ್ತದೆ. ಅಪಾಯವಿಲ್ಲ ಎಂದು ತನಗೆ ಖಾತ್ರಿಯಾಗದೆ ಬಿಡುವುದಿಲ್ಲ.

"ಹತ್ತೊಂಬತ್ತನೇ ಸಾಲು ನೋಡಿ," ಅಂದ ದ್ವಾರಪಾಲಕ. "ಕರೆಗಳ ಪಟ್ಟಿಯಲ್ಲಿ ಒಂದು ಕರೆ ಹುಡುಕ್ತೀರಿ. ಸಿಗದೇ ಇದ್ರೆ?"

"ಸಿಗುತ್ತೆ."

"ಸಿಗದೇ ಇದ್ರೆ?"

"ಸಿಕ್ಕೇ ಸಿಗುತ್ತೆ ರೀ! ಆ ಪಟ್ಟೀಲಿ ಹಾಕಿರೋಳೇ ನಾನು!"

"ನನಗೆ ನಂಬಿಕೆ ಇದೆ. ಅದಕ್ಕಿಲ್ಲ. ಸಿಗದಿದ್ರೆ ಸುಮ್ನೆ ವಾಪಸ್ ಹೋಗು ಅಂತ ಒಂದು ಸಾಲು ಬರೀರಿ. ಬಿಡುತ್ತೆ."

ಅವಳು ಅಲ್ಲೇ ನಿಂತು ಬರೆದಳು. ಪರೀಕ್ಷಕ ಬಿಟ್ಟಿತು! ನಾಲ್ಕು ದಿನ ಕಾಡಿದ್ದು ಒಂದು ಸಾಲಿಗೆ...

"ಹೆಸರು ಚಿಕ್ಕಿ ಅಂತ ಇಟ್ಟಿದೀರಿ," ಅಂದ ಅವನು ಪರದೆ ನೋಡುತ್ತ. "ನಕ್ಷತ್ರಾನಾ?"

"ನಮ್ಮ ಚಿಕ್ಕಮ್ಮ."

ಅವನು ನಗಲಿಲ್ಲ. ಕಣ್ಣು ಮಾತ್ರ ಸ್ವಲ್ಪ ಮೆತ್ತಗಾಯಿತು. ಅದನ್ನು ಅವಳು ನೋಡಿದಳು, ನೋಡಿಲ್ಲವೆಂದುಕೊಂಡಳು.

"ಒಂದು ಮಾತು," ಅಂದ. "ಯಂತ್ರಕ್ಕೆ ಭಾರ ಅನ್ನಿಸಿದ್ರೆ ನಾನು ಕೇಳ್ದೇನೇ ತೆಗೆದುಹಾಕ್ತೀನಿ."

"ತೆಗೆದು ನೋಡಿ!" ಅಂದಳು ಅವಳು.

ಚಿಕ್ಕಿ ಕರ್ನಲ್ ಒಳಗೆ ಕೂತಿತು. ಕರೆಯ ದನಿಯನ್ನು ಚೂರುಚೂರಾಗಿ ಹೊತ್ತೊಯ್ಯುವ ಪೊಟ್ಟಣಗಳು ಎಲ್ಲಿ, ಯಾವ ಗಳಿಗೆಯಲ್ಲಿ, ಏಕೆ ಕೆಳಗೆ ಬೀಳುತ್ತವೆ ಎಂದು ಬರೆದಿಡುವುದಷ್ಟೇ ಅದರ ಕೆಲಸ. ಎರಡನೇ ದಿನ ಒಂದು ಕರೆ ತುಂಡಾಯಿತು. ಚಿಕ್ಕಿ ಬರೆದುಕೊಂಡಿತು. ನಾಲ್ಕನೇ ದಿನ ಇನ್ನೊಂದು.

ಅವನು ದಿನಕ್ಕೊಮ್ಮೆ ಅವಳ ಕೋಣೆಗೆ ಬರತೊಡಗಿದ. ಏನಾದರೊಂದು ನೆಪ. ನಿಂತೇ ಇರುತ್ತಿದ್ದ, ಅಂಕಿಗಳನ್ನು ನೋಡುತ್ತಿದ್ದ, ಎರಡು ಮಾತಾಡಿ ಹೋಗುತ್ತಿದ್ದ. ಅವನು ಹೋದ ಮೇಲೆ ಕೋಣೆ ಯಾಕೋ ದೊಡ್ಡದಾಗಿ ಕಾಣುತ್ತಿತ್ತು ಅವಳಿಗೆ.

"ಆ ದ್ವಾರಪಾಲಕ ನಿಂಗೊಬ್ಬಳಿಗೇ ಬಾಗಿಲು ತೆಗೀತಾನಂತೆ, ಹೌದೇನೇ?" ಚಿಕ್ಕಮ್ಮ ಕೆಣಕಿದಳು.

"ಸುಮ್ನಿರು ಚಿಕ್ಕಮ್ಮ!"

"ನಾನು ಸುಮ್ನೆ ಇದೀನಮ್ಮ. ನಿನ್ನ ಮುಖಾನೇ ಮಾತಾಡ್ತಿದೆ."

ಆರನೇ ದಿನ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ತೆರೆದಳು. ಪಟ್ಟಿ ಖಾಲಿ.

ಚಿಕ್ಕಿ ಇಲ್ಲ! ಐದು ದಿನದ ದಾಖಲೆಯೂ ಇಲ್ಲ. ಹಿಂದಿನ ಸಂಜೆ ಆರೂ ಹತ್ತಕ್ಕೆ ಪ್ರೋಗ್ರಾಂ ಇಳಿದಿದೆ ಎಂದು ಸರ್ವರ್ ಹೇಳುತ್ತಿತ್ತು. ಆ ಹೊತ್ತಿಗೆ ಸರ್ವರ್ ಮುಂದೆ ಕೂತಿದ್ದವನು ಒಬ್ಬನೇ.

'ಕೇಳ್ದೇನೇ ತೆಗೆದುಹಾಕ್ತೀನಿ...' ಅವನ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು.

ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ತೆಗೆದುಬಿಟ್ರಲ್ಲ! ಒಂದು ಮಾತು ಹೇಳೋಕೂ ಆಗ್ಲಿಲ್ವಾ ನಿಮಗೆ?"

ಅವನು ಬೆಚ್ಚಿ ಎದ್ದ. ಪರದೆ ನೋಡಿದ. ಅವಳನ್ನು ನೋಡಿದ.

"ನಾನು ತೆಗೀಲಿಲ್ಲ."

"ಹಾಗಾದ್ರೆ? ಅದೇ ಎದ್ದು ಹೋಯ್ತಾ?"

"ಹೂಂ," ಅಂದ ಅವನು. "ಹಾಗೇ."

ಅವನು ಹೇಳಿದ್ದು ಅಕ್ಷರಶಃ ನಿಜ. ಆದರೆ ಅಳುತ್ತ ನಿಂತವಳಿಗೆ ಅದು ಅಣಕದಂತೆ ಕೇಳಿಸಿತು. ಮುಂದಿನ ಮಾತು ಜೋಡಿಸಿಕೊಳ್ಳಲು ಅವನಿಗೆ ಒಂದು ಗಳಿಗೆ ಬೇಕಿತ್ತು. ಆ ಗಳಿಗೆಯಲ್ಲಿ ಅವಳು ಬಾಗಿಲು ದಾಟಿದ್ದಳು.

ಕೆಳಗಿಳಿದು ಅವಳು ಮಾಡಿದ ಮೊದಲ ಕೆಲಸ, ಅವನಿಂದ ಬರುವ ಸಂದೇಶಗಳು ಕಣ್ಣಿಗೇ ಬೀಳದಂತೆ ಮುಚ್ಚಿಟ್ಟದ್ದು.

ಪ್ರೋಗ್ರಾಂ ಮತ್ತೆ ಒಳಗಿಡಬೇಕೆಂದರೆ ಅವನ ಒಪ್ಪಿಗೆ ಬೇಕು. ಕೇಳಲು ಮನಸ್ಸು ಬಗ್ಗಲಿಲ್ಲ. ಹಳೆಯ ಧ್ವನಿಮುದ್ರಣಗಳನ್ನೇ ಮೊದಲಿಂದ ಕೇಳತೊಡಗಿದಳು. ತುಂಡಾದ ದನಿಗಳು... ಅರ್ಧ ವಿಳಾಸ, ಅರ್ಧ ಹೆಸರು, ಅರ್ಧ ಕೂಗು. ಎಷ್ಟು ಕೇಳಿದರೂ ದನಿ ಎಲ್ಲಿ ನಿಂತಿತೆಂದು ತಿಳಿಯುತ್ತಿತ್ತೇ ಹೊರತು ನಿಲ್ಲಿಸಿದವರು ಯಾರೆಂದು ತಿಳಿಯುತ್ತಿರಲಿಲ್ಲ.

ಎರಡು ಸಲ ಅವನು ಅವಳ ಕೋಣೆಯವರೆಗೆ ಬಂದ. ಎರಡು ಸಲವೂ ಅವಳು ಹೆಡ್‌ಫೋನ್ ತೆಗೆಯಲಿಲ್ಲ. ಗಾಜಿನಾಚೆ ಅವನ ನೆರಳು ನಿಂತು, ಹೋಯಿತು.

'ಹೋಗಲಿ... ನನಗೇನು?' ಅಂದುಕೊಂಡಳು. ಅಂದುಕೊಂಡಷ್ಟೂ ಎದೆ ಭಾರವಾಯಿತು.

ವಿಚಾರಣೆಯ ಹಿಂದಿನ ದಿನ, ಬೆಳಗಿನ ತಿಂಡಿಯ ಹೊತ್ತಿಗೆ ಚಿಕ್ಕಮ್ಮ ಕೇಳಿದಳು.

"ಆ ಪ್ರೋಗ್ರಾಂ ಏನಾಯ್ತೇ?"

ಅವಳು ಎಲ್ಲ ಹೇಳಿದಳು. ಚಿಕ್ಕಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಮತ್ತೆ ಹಾಕೋಕೆ ಆಗುತ್ತೆ ತಾನೇ?"

"ಅವರನ್ನ ಕೇಳ್ಬೇಕು."

"ಕೇಳು."

"ನನ್ನ ಕೈಲಿ ಆಗಲ್ಲ ಚಿಕ್ಕಮ್ಮ..."

"ನನ್ನ ಮರ್ಯಾದೆಗಿಂತ ನಿನ್ನ ಬಿಗುಮಾನ ದೊಡ್ಡದಾಯ್ತೇನೇ?" ಚಿಕ್ಕಮ್ಮ ದನಿ ಏರಿಸಲೇ ಇಲ್ಲ. "ದಿನಾ ನೂರು ಜನ ನನ್ನ ಕಿವೀಲಿ ಅಳ್ತಾರೆ, ಬೈತಾರೆ. ಸಿಟ್ಟು ಬರುತ್ತೆ. ಹಾಗಂತ ನಾನು ಫೋನ್ ಕುಕ್ಕಿದ್ದೀನಾ? ಪೂರ್ತಿ ಕೇಳಿಸ್ಕೋತೀನಿ. ನೀನು ಆ ಹುಡುಗನ ಮಾತು ಪೂರ್ತಿ ಕೇಳಿಸ್ಕೊಂಡ್ಯಾ?"

ಅವಳು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದಳು.

ಕೇಂದ್ರಕ್ಕೆ ಬಂದು, ಪ್ರೋಗ್ರಾಂ ಮತ್ತೆ ಒಳಗಿಡಲು ಅವನನ್ನು ಕೇಳುವ ಮುನ್ನ ಈಗ ಕರ್ನಲ್ ಒಳಗೆ ಏನೇನಿದೆ ಎಂದು ಪಟ್ಟಿ ತೆರೆದಳು. ಆರು ಸಾಲು. ಆರನೆಯದನ್ನು ಓದಿ ಅವಳ ಕೈ ಕೀಲಿಮಣೆಯ ಮೇಲೇ ನಿಂತಿತು.

ಚಿಕ್ಕಿ.

ಒಳಗಿದೆ! ಹದಿನೈದು ದಿನದಿಂದ ಇದೆ. ತಾನು ಜಗಳವಾಡಿ ಕೆಳಗಿಳಿದ ಹತ್ತೇ ನಿಮಿಷಕ್ಕೆ ಒಳಗೆ ಕೂತಿದೆ. ಪಕ್ಕದಲ್ಲಿ ಅದನ್ನು ಹಿಡಿದವರ ಹೆಸರು. ಅದು ಅವಳದಲ್ಲ, ಅವನದು.

ಮುಚ್ಚಿಟ್ಟಿದ್ದ ಸಂದೇಶಗಳನ್ನು ತೆರೆದಳು. ದಿನಕ್ಕೊಂದು, ಹದಿನೈದು.

ಮೊದಲನೆಯದರಲ್ಲಿ ಹೀಗಿತ್ತು: "ನಾನು ತೆಗೆದಿಲ್ಲ. ಒಳಗಿಟ್ಟ ಪ್ರೋಗ್ರಾಂ ಅನ್ನು ಹೊರಗೆ ಯಾರಾದರೂ ಹಿಡಿದುಕೊಂಡಿರಬೇಕು. ಹಿಡಿದವರು ಬಿಟ್ಟರೆ ಅದು ದಾಖಲೆ ಸಮೇತ ತಾನೇ ಇಳಿದುಹೋಗುತ್ತದೆ. ನಿನ್ನೆ ಸಂಜೆ ನೀವು ಲ್ಯಾಪ್‌ಟಾಪ್ ಮುಚ್ಚಿದಿರಿ. ಶಾಶ್ವತವಾಗಿ ಇಡಲು ನಿಮ್ಮ ಸಹಿ ಬೇಕು, ಅರ್ಜಿ ಜೊತೆಗಿದೆ. ಅಲ್ಲಿಯವರೆಗೆ ನಾನು ಹಿಡಿದುಕೊಂಡಿರುತ್ತೇನೆ."

ಜಗಳದ ಹಿಂದಿನ ಸಂಜೆ... ಹೌದು! ಚಿಕ್ಕಮ್ಮನಿಗೆ ತಲೆ ಸುತ್ತುತ್ತಿದೆ ಎಂದು ಕೆಳಗಿನಿಂದ ಯಾರೋ ಕೂಗಿದ್ದರು. ಅವಳು ಲ್ಯಾಪ್‌ಟಾಪ್ ಮಡಚಿ ಓಡಿದ್ದಳು. ಅದಕ್ಕೆ ಮುಂಚೆ ನಾಲ್ಕು ದಿನವೂ ತೆರೆದೇ ಬಿಟ್ಟುಹೋಗುತ್ತಿದ್ದುದನ್ನು ಅಂದು ಒಂದೇ ದಿನ ಮುಚ್ಚಿದ್ದಳು.

ಉಳಿದ ಸಂದೇಶಗಳು ಒಂದೊಂದು ಸಾಲಿನವು. "ಇವತ್ತು ಒಂದು ಸಿಕ್ಕಿತು." "ಇವತ್ತು ಏನೂ ಇಲ್ಲ." "ಇವತ್ತು ಎರಡು." "ಊಟಕ್ಕೆ ಬಂದಿರಲಿಲ್ಲ ನೀವು. ಆರೋಗ್ಯ ತಾನೇ?" "ಇವತ್ತು ಏನೂ ಇಲ್ಲ."

ಅವಳು ಮೇಲೆ ಹೋದಳು. ಈ ಸಲ ಬಾಗಿಲು ತಟ್ಟಿದಳು.

ಅವನ ಕಂಪ್ಯೂಟರಿನ ಮೇಲೆ ಒಂದು ಕಾಗದ ಅಂಟಿಸಿತ್ತು: "ಯಾರೂ ಆರಿಸಬೇಡಿ. ಒಬ್ಬರ ಕೆಲಸ ಇದರ ಕೈಯಲ್ಲಿದೆ." ಪರದೆಯ ಮೂಲೆಯಲ್ಲಿ, ಯಂತ್ರವನ್ನು ಕೂಡಲೇ ಮರುಚಾಲನೆ ಮಾಡಿ ಎಂಬ ಕೆಂಪು ಸೂಚನೆ ಎಷ್ಟೋ ದಿನದಿಂದ ಮಿನುಗುತ್ತಿತ್ತು.

"ಎಲ್ಲಾ ಈಗ ಓದಿದೆ," ಅಂದಳು. "ತಪ್ಪು ನನ್ನದು. ಕ್ಷಮಿಸಿ..."

"ಒಂಬತ್ತು ಸಿಕ್ಕಿದೆ," ಅಂದ ಅವನು ಅವಸರವಾಗಿ, ಅವಳು ಅತ್ತರೆ ಏನು ಮಾಡಬೇಕೆಂದು ತಿಳಿಯದವನಂತೆ. "ಕೂತ್ಕೊಳ್ಳಿ. ನೋಡಿ. ಒಂಬತ್ತರಲ್ಲೂ ಒಂದೇ ಕಥೆ. ಧ್ವನಿಮುದ್ರಣಗಳ ನಕಲು ಶುರುವಾದಾಗ ಪೊಟ್ಟಣಗಳು ಕಾಯೋ ಒಳಗಿನ ಸಾಲು ತುಂಬಿಹೋಗುತ್ತೆ. ಜಾಗ ಇಲ್ಲ ಅಂತ ಕರ್ನಲ್ ಪೊಟ್ಟಣಗಳನ್ನ ಕೆಳಗೆ ಬಿಡುತ್ತೆ. ದನಿ ಬರ್ತಿಲ್ಲ, ಆಚೆಯೋರು ಫೋನ್ ಇಟ್ರು ಅಂದ್ಕೊಂಡು ಯಂತ್ರ ಕರೆ ಮುಗಿಸುತ್ತೆ. ಗುಂಡಿ ಒತ್ತಿದ್ದು ಒಂದರಲ್ಲೂ ಇಲ್ಲ."

"ಏಳನೇ ಕುರ್ಚಿ?"

"ಒಂಬತ್ತರಲ್ಲಿ ಎರಡೇ. ಮಿಕ್ಕಿದ್ದು ಬೇರೆಯವರವು. ಆ ಮುದುಕರ ಕರೆ ತುಂಡಾದಾಗಲೂ ನಕಲು ನಡೀತಿತ್ತು."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಎದ್ದು ಕಿಟಕಿಯ ಪರದೆ ಸರಿಪಡಿಸುತ್ತ ನಿಂತ. ಅದು ಸರಿಯಾಗಿಯೇ ಇತ್ತು.

ಮರುದಿನದ ವಿಚಾರಣೆ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಒಂಬತ್ತು ಸಾಲಿನ ಹಾಳೆಯನ್ನು ಮೂವರು ಅಧಿಕಾರಿಗಳು ಕೈಯಿಂದ ಕೈಗೆ ದಾಟಿಸಿದರು. ನಕಲು ಮಾಡುವ ಕೆಲಸ ಬೇರೆ ಯಂತ್ರಕ್ಕೆ ಹೋಗಲಿ ಎಂದರು. ದೂರು ವಜಾ ಎಂದರು. ಚಿಕ್ಕಮ್ಮ ನಮಸ್ಕಾರ ಹೇಳಿ, ಗಡಿಯಾರ ನೋಡಿ, ತನ್ನ ಪಾಳಿಗೆ ಹೊತ್ತಾಯಿತೆಂದು ಹೊರಟಳು. ಬಾಗಿಲ ಬಳಿ ಅವನನ್ನು ಕಂಡು ನಿಂತಳು.

"ಒಳ್ಳೇದಾಗ್ಲಪ್ಪ ನಿಂಗೆ. ನಮ್ಮ ಹುಡುಗಿ ಸ್ವಲ್ಪ ದುಡುಕು. ಕಿವಿ ದೊಡ್ಡದು, ತಾಳ್ಮೆ ಸಣ್ಣದು."

"ಚಿಕ್ಕಮ್ಮ!"

"ನಿಜಾನೇ ತಾನೇ ಹೇಳಿದ್ದು?" ಎನ್ನುತ್ತ ಚಿಕ್ಕಮ್ಮ ಮೆಟ್ಟಿಲಿಳಿದಳು.

ಉದ್ದನೆಯ ಓಣಿಯಲ್ಲಿ ಇಬ್ಬರೇ ಉಳಿದರು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಚೌಕಚೌಕವಾಗಿ ಬಿದ್ದಿತ್ತು. ಭಗವಂತ ಕೆಲವರಿಗೆ ಮಾತು ಕೊಡುತ್ತಾನೆ, ಕೆಲವರಿಗೆ ಕಾಯುವ ಗುಣ ಕೊಡುತ್ತಾನೆ. ಎರಡನ್ನೂ ಒಬ್ಬರಿಗೇ ಕೊಟ್ಟಿದ್ದರೆ ಬಹುಶಃ ಯಾರಿಗೂ ಇನ್ನೊಬ್ಬರು ಬೇಕಾಗುತ್ತಿರಲಿಲ್ಲ.

"ಅವತ್ತು ಬರೀ 'ಹೂಂ' ಅಂದ್ರಲ್ಲ," ಅಂದಳು ಅವಳು. "ಇನ್ನೊಂದು ಮಾತು ಸೇರಿಸಿದ್ರೆ ಹದಿನೈದು ದಿನ ಉಳೀತಿತ್ತು."

"ಸೇರಿಸ್ತಿದ್ದೆ. ನೀವು ಅಳ್ತಿದ್ರಿ. ಮರೆತೇಹೋಯ್ತು."

"ಏನು ಮರೆತ್ರಿ?"

"ಎಲ್ಲಾ."

ಅವಳು ಬಿಸಿಲಿನ ಚೌಕವೊಂದನ್ನು ದಾಟಿ ಹತ್ತಿರ ಬಂದಳು.

"ದಿನಾ ಬರೆದ್ರಿ. ನಾನು ಓದ್ತಿಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ?"

"ಅದೊಂದೇ ನಿಮ್ಮ ಜೊತೆ ಮಾತಾಡಿದ ಹಾಗೆ ಇತ್ತು," ಅಂದ. "ನಂಗೆ... ನೀವಂದ್ರೆ ಇಷ್ಟ. ಕೆಲಸದ ಮಾತಲ್ಲ ಇದು. ಜೊತೆಗಿರ್ತೀರಾ? ಜೀವನ ಪೂರ್ತಿ?"

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಇರ್ತೀನಿ. ಆದ್ರೆ ನಾನು ಸಿಟ್ಟು ಮಾಡ್ಕೊಂಡಾಗ ನೀವು ಸುಮ್ನೆ ನಿಂತ್ಕೋಬಾರ್ದು. ಬಾಯಿ ಬಿಟ್ಟು ಹೇಳ್ಬೇಕು."

"ಹೇಳ್ತೀನಿ."

"ಏನಂತ?"

"ತಪ್ಪು ನಿಂದು ಅಂತ."

'ನಿಮ್ಮದು' ಹೋಗಿ 'ನಿಂದು' ಬಂದದ್ದು ಇಬ್ಬರಿಗೂ ಕೇಳಿಸಿತು. ಅವನು ಸರಿಪಡಿಸಲು ಬಾಯಿ ತೆರೆದ.

"ಇರ್ಲಿ," ಅಂದಳು ಅವಳು. "ಹಾಗೇ ಇರ್ಲಿ ಬಿಡೋ."