ಬಗ್ಗಿದ ಕದಿರು

ಎಳೆ ಮತ್ತೆ ಪಟ್ಟನೆ ಹರಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ತಡೀರಿ ಮಕ್ಳಾ, ಈಗ ಬತ್ತದೆ," ಎಂದು ಚಲುವಮ್ಮಜ್ಜಿ ಬತ್ತಿಯಂತೆ ಹೊಸೆದ ಹತ್ತಿಯ ಹಂಜಿಯನ್ನು ಮತ್ತೆ ಬೆರಳಿಗೆ ತೆಗೆದುಕೊಂಡಳು.

ಅರಕೆರೆಯ ಶಾಲೆಯಲ್ಲಿ, ಐದನೇ ಕ್ಲಾಸಿನವರು ಅವತ್ತು ರಾಟೆಗಳ ಪ್ರದರ್ಶನ ಇಟ್ಟಿದ್ದರು. ಅಭಯ್ ಬುಗುರಿಯ ಹಾಗೆ ತಿರುಗುವ ತಕಲಿ ತಂದಿದ್ದ. ಅಪರ್ಣ ಮಿಸ್ ಸೂಟ್‌ಕೇಸಿನ ಹಾಗೆ ಮಡಚುವ ಪೆಟ್ಟಿಗೆ ರಾಟೆ ತಂದಿದ್ದರು. ಅರ್ಪಿತ ತಂದದ್ದು ಅಟ್ಟದ ಮೇಲಿದ್ದ ದೊಡ್ಡ ಚಕ್ರದ ರಾಟೆ. ಜೊತೆಗೆ ಅದನ್ನು ತಿರುಗಿಸಲು ತನ್ನ ಅಜ್ಜಿಯನ್ನೂ!

"ಮೊದಲು ಬಂದದ್ದು ತಕಲಿ," ಎಂದು ಮಿಸ್ ಹೇಳಿದ್ದರು. "ಆಮೇಲೆ ಆ ಕಡ್ಡಿಯನ್ನೇ ಅಡ್ಡ ಮಲಗಿಸಿ, ಅದಕ್ಕೂ ಚಕ್ರಕ್ಕೂ ಸೇರಿಸಿ ದಾರ ಹಾಕಿದ್ರು. ಅದೇ ರಾಟೆ. ಮೊದಲು ಮಾಡಿದ್ದು ನಮ್ಮವರು ಅಂತಾರೆ ಕೆಲವರು, ಚೀನಾದವರು ಅಂತಾರೆ ಕೆಲವರು."

ಅಜ್ಜಿ ಚಕ್ರ ತಿರುಗಿಸಿದಳು. ನೂಲು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿ, ಅದೇ ಕದಿರು, ಗಿರ್ರನೆ ತಿರುಗಿತು. ಆದರೆ ಅದರ ತುದಿ ಕುಂಟುತ್ತಿತ್ತು. ಪಟ್! ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಕುಂಟುವುದು ಅವಳಿಗೆ ಕಾಣಲಿಲ್ಲ.

ಅರ್ಪಿತಳಿಗೆ ಕಂಡಿತು. ಬೆಳಿಗ್ಗೆ 'ರಾಟೆಯ ವಿಧಗಳು' ಚಾರ್ಟನ್ನು ತೂಗುಹಾಕಲು ಹಲಗೆಗೆ ತೂತು ಬೇಕಿತ್ತು. ಮೊಳೆ ಸಿಗಲಿಲ್ಲವಂತೆ! ಹುಡುಕಿದ್ದರೆ ತಾನೆ ಸಿಗುವುದು? ಕದಿರನ್ನೇ ಕಿತ್ತು, ಹಲಗೆಗೆ ಇಟ್ಟು, ಕಲ್ಲಿನಿಂದ ಕುಟ್ಟಿದ್ದಳು. ತುದಿ ಒಂಚೂರು ಬಗ್ಗಿತ್ತು. ಇಷ್ಟೇ ತಾನೇ ಎಂದು ಹಾಗೇ ಸಿಕ್ಕಿಸಿಟ್ಟಿದ್ದಳು.

ಈಗ ಹೇಳಲೇಬೇಕು ಎಂದು ಎದ್ದು ನಿಂತಳು.

"ಏನಮ್ಮ ಅರ್ಪಿತ?" ಎಂದರು ಮಿಸ್. ಇಡೀ ಕ್ಲಾಸು ತಿರುಗಿ ನೋಡಿತು.

"ಏನಿಲ್ಲ ಮಿಸ್," ಎಂದು ಕೂತುಬಿಟ್ಟಳು.

ಅಜ್ಜಿ ಹಂಜಿಯನ್ನು ಮಡಿಲಿಗೆ ಹಾಕಿಕೊಂಡಳು. "ಬುಡಿ ಮೇಡಮ್ಮೋರೆ, ನನ್ ಕೈಲಿ ಏನೂ ಉಳ್ದಿಲ್ಲ. ಆಗ ಕಣ್ ಮುಚ್ಕೊಂಡು ನೂಲ್ ತೆಗೀತಿದ್ದೆ. ವಯಸ್ಸಾಯ್ತು," ಎಂದು ನಕ್ಕಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಅಯ್ಯೋ ಪಾಪ ಎನ್ನುವ ಚಪ್ಪಾಳೆ.

ರಾಟೆ ಅಪ್ಪನ ಗಾಡಿಯಲ್ಲಿ ಮನೆಗೆ ಹೋಯಿತು. ಅಜ್ಜಿ, ಮೊಮ್ಮಗಳು ನಾಲೆ ಏರಿಯ ಮೇಲೆ ನಡೆದರು. ಅಜ್ಜಿ ತನ್ನ ಬೆರಳುಗಳನ್ನು ಉಜ್ಜಿಕೊಳ್ಳುತ್ತಲೇ ಇದ್ದಳು. "ಆ ರಾಟೆನ ಯಾರ್ಗಾದ್ರೂ ಕೊಟ್ಬುಡಾನ. ನಂಗ್ಯಾಕೆ ಇನ್ನು?"

ಅರ್ಪಿತಳಿಗೆ ತಡೆಯಲಾಗಲಿಲ್ಲ. "ಅಜ್ಜೀ, ನಿನ್ ಕೈ ಸರ್ಯಾಗೇ ಅದೆ! ತೂತು ಹೊಡೆಯಕ್ಕೋಗಿ ನಾನೇ ಕದಿರು ಬಗ್ಗಿಸ್ಬುಟ್ಟೆ."

ಅಜ್ಜಿ ನಿಂತಳು. ಅವಳ ಮುಖ ಅರಳಿತು. "ಅಂಗಾ? ಅದ್ಕೇ ಮತ್ತೆ! ನನ್ ಕೈ ಅಂಗೆಲ್ಲ ಮೋಸ ಮಾಡಾಕಿಲ್ಲ!" ಆಮೇಲೆ ಮೆಲ್ಲಗೆ, "ಅಲ್ಲೇ ಒಂದ್ ಮಾತು ಅನ್ಬಾರ್ದಾಗಿತ್ತಾ, ಮಗ?" ಎಂದಳು.

ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅರ್ಪಿತಳಿಗೆ.

ಅಷ್ಟರಲ್ಲಿ ಅಭಯ್ ಸೈಕಲ್ಲಿನಲ್ಲಿ ಬಂದ. "ಬೇಜಾರ್ ಮಾಡ್ಕೋಬೇಡಿ ಅಜ್ಜಿ. ನಮ್ಮಜ್ಜಿಗೂ ಕೈ ನಡುಗುತ್ತೆ."

ಅಜ್ಜಿ ಒಮ್ಮೆ ಮೊಮ್ಮಗಳತ್ತ ನೋಡಿದಳು. "ಊಂ ಕಣಪ್ಪ. ವಯಸ್ಸಾಯ್ತಲ್ಲ," ಎಂದಳು.

ಅಜ್ಜಿ ಯಾಕೆ ಹಾಗೆ ಹೇಳಿದಳು ಎಂದು ಅರ್ಪಿತಳಿಗೆ ಅರ್ಥವಾಗುವಷ್ಟರಲ್ಲಿ ಅಭಯ್ ಮುಂದೆ ಹೋಗಿದ್ದ. "ಲೋ ಅಭಯ್, ನಿಂತ್ಕೊಳೋ!" ಎಂದು ಕೂಗಿದಳು. ಸೈಕಲ್ಲು ತಿರುವು ದಾಟಿತ್ತು.

ಅರ್ಪಿತ ಅಜ್ಜಿಯ ಕೈ ಹಿಡಿದುಕೊಂಡಳು. ನಾಳೆ ಎಲ್ಲರೆದುರು ಎದ್ದು ನಿಂತು ನಿಜ ಹೇಳುವುದು ಇವತ್ತಿಗಿಂತ ಕಷ್ಟ ಎಂದು ಅವಳಿಗೆ ಗೊತ್ತಿತ್ತು.