ಕೊಟ್ಟವರ ಹೆಸರು

ಅಕ್ಟೋಬರ್ ಹದಿಮೂರು, ಸೋಮವಾರ ಬೆಳಿಗ್ಗೆ ದುಬೈಯ ಮಿರ್ದಿಫ್ ಬಡಾವಣೆಯಿಂದ ಒಬ್ಬ ಹೆಂಗಸು ಠಾಣೆಗೆ ಬಂದು ದೂರು ಕೊಟ್ಟರು. ಊರಲ್ಲಾದರೆ ಅದಕ್ಕೆ ಎಫ್ಐಆರ್ ಅನ್ನುತ್ತಿದ್ದರು, ದುಬೈ ಪೊಲೀಸರು ಬಲಾಗ್ ಅನ್ನುತ್ತಾರೆ. ಒಂಬತ್ತೂವರೆಗೆ ಕ್ಯಾಪ್ಟನ್ ಉಬೈದ್ ದುಭಾಷಿ ಹುಮೈರಳಿಗೆ ಫೋನ್ ಮಾಡಿ, "ಒಂದು ಬೆದರಿಕೆ ಕೇಸು. ನಂಬರ್ ನಿಮ್ಮ ಕಡೆಯವನದ್ದು. ಬನ್ನಿ," ಎಂದ.

ಹುಮೈರ ಭಟ್ಕಳದವಳು. ಮದುವೆಯಾಗಿ ದುಬೈಗೆ ಬಂದವಳು ಮಕ್ಕಳು ದೊಡ್ಡವರಾದ ಮೇಲೆ ಪೊಲೀಸರಿಗೆ ದುಭಾಷಿಯಾದಳು. ನವಾಯತಿ, ಕನ್ನಡ, ತುಳು, ಹಿಂದಿ, ಯಾರು ಯಾವುದರಲ್ಲಿ ಅತ್ತರೂ ಅದನ್ನು ಅರಬ್ಬಿಗೆ ತಿರುಗಿಸಿ ಕೊಡಬೇಕು. ತನ್ನದೊಂದು ಮಾತು ಸೇರಿಸುವಂತಿಲ್ಲ. ಕಷ್ಟದ ಕೆಲಸವೇನಲ್ಲ. ಆದರೆ 'ನಿಮ್ಮ ಕಡೆಯವನು' ಎಂದು ಕೇಳಿದಾಗಲೆಲ್ಲ ಅವಳಿಗೆ ಒಂದೇ ಯೋಚನೆ. ನಮ್ಮವನೇ ಆಗಿದ್ದರೆ, ನಮ್ಮ ಗಲ್ಲಿಯವನೇ ಆಗಿದ್ದರೆ ಎಂಬ ಹೆದರಿಕೆ.

ದೂರು ಕೊಟ್ಟವರು ರಾಹೇಲ್ ಮನಶ್ಶೆ. ಬಾಗ್ದಾದಿನಿಂದ ಮುಂಬೈಗೆ ಬಂದು ವ್ಯಾಪಾರದಲ್ಲಿ ಬೆಳೆದ ಯಹೂದಿ ಮನೆತನ. ಆಕೆಯ ಅಜ್ಜ ಕಟ್ಟಿದ ಫೌಂಡೇಶನ್ ಒಂದಿತ್ತು. ಕೊಲ್ಲಿಯಲ್ಲಿ ಸತ್ತ ಕೂಲಿಯವನ ಹೆಣ ಊರಿಗೆ ಕಳಿಸುವುದು, ಬಡವರ ಮಕ್ಕಳ ಆಪರೇಷನ್ ಮಾಡಿಸುವುದು ಅದರ ಕೆಲಸ. ಕೊಟ್ಟವರು ಯಾರೆಂದು ಪಡೆದವರಿಗೆ ಗೊತ್ತಾಗಬಾರದು, ಅದು ಅಜ್ಜನ ಕಟ್ಟಳೆ.

"ಪಡೆದವನು ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಬಾರದು ಅಂತ," ರಾಹೇಲ್ ಹಿಂದಿಯಲ್ಲಿ ಹೇಳಿದರು. "ಆ ಕಾಲದಲ್ಲಿ ನಮ್ಮ ಹೆಸರು ಹೇಳಿಕೊಳ್ಳುವುದೂ ಕಷ್ಟವಿತ್ತು ಅನ್ನಿ. ಈಗ ಹಾಗಿಲ್ಲ ಅಂದುಕೊಂಡೆ. ಬರುವ ತಿಂಗಳು ಆಫೀಸು ತೆರೆದು ನಮ್ಮ ಹೆಸರಿನ ಬೋರ್ಡು ಹಾಕುವವಳಿದ್ದೆ."

ಫೋನನ್ನು ಮೇಜಿನ ಮೇಲಿಟ್ಟರು. ಮೊದಲ ಸಂದೇಶ: ಬೋರ್ಡು ಹಾಕಬೇಡಿ. ಎರಡನೆಯದು: ಹೆಸರು ಹೊರಬಂದ ದಿನ ಈ ಮನೆಯಲ್ಲಿ ಅಳು ಕೇಳುತ್ತದೆ. ಕೆಳಗೊಂದು ಫೋಟೊ. ರಾಹೇಲ್‌ರ ಮನೆಯ ಗೇಟು, ಅದಕ್ಕೊರಗಿಸಿಟ್ಟ ಮಗಳು ತಾಮಾರ್‌ಳ ಸೈಕಲ್ಲು.

"ಉತ್ತರ ಕೊಟ್ಟಿರಾ?" ಉಬೈದ್ ಕೇಳಿದ.

"ನಿನ್ನೆ ಸಂಜೆ. 'ಬೋರ್ಡು ಇಲ್ಲ. ಕೊಡುವುದನ್ನೂ ನಿಲ್ಲಿಸಿದ್ದೇನೆ. ಮಗಳನ್ನು ಬಿಟ್ಟುಬಿಡಿ' ಅಂತ. ಓದಿದ್ದಾನೆ. ಮಾತಿಲ್ಲ."

"ನಿಲ್ಲಿಸಿದ್ದು ಇನ್ಯಾರಿಗೆ ಗೊತ್ತು?"

"ಯಾರಿಗೂ ಹೇಳಿಲ್ಲ. ಯಾರನ್ನು ನಂಬಲಿ? ಗುರುವಾರ ಅಬುಧಾಬಿಯಲ್ಲಿ ಒಬ್ಬ ಹುಡುಗನ ಹೃದಯದ ಆಪರೇಷನ್ ಇದೆ. ಅಯ್ಮನ್ ಅಂತ, ಆರು ವರ್ಷ. ಬುಧವಾರ ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಹಣ ಕಟ್ಟದಿದ್ದರೆ ಆ ಹಾಸಿಗೆ ಬೇರೆಯವರಿಗೆ. ಆಮೇಲೆ ಹುಡುಗ ಉಳಿಯುವುದಿಲ್ಲ ಅಂದಿದ್ದಾರೆ ಡಾಕ್ಟರು." ಆಕೆ ಕಣ್ಣೊರೆಸಿಕೊಂಡರು. "ಆ ಹಣದ ಜಾಡು ಹಿಡಿದೇ ಇವನು ನನ್ನ ಮನೆಗೆ ಬಂದಿದ್ದರೆ? ಆ ಮಗು ಸಾಯಬಾರದು ಕ್ಯಾಪ್ಟನ್. ನನ್ನ ಮಗಳೂ ಸಾಯಬಾರದು. ನಾನೇನು ಮಾಡಲಿ?"

"ಬುಧವಾರದವರೆಗೆ ನನಗೆ ಬಿಡಿ," ಎಂದ ಉಬೈದ್. ರಾಹೇಲ್‌ರ ಮನೆಯ ಗೇಟಿಗೆ ಇಬ್ಬರು ಪೊಲೀಸರು ಕಾವಲಿಗೆ ಹೋದರು.

ಹನ್ನೊಂದಕ್ಕೆ ನಂಬರಿನ ಪೂರ್ತಿ ವಿವರ ಬಂತು. ಕೊರಗಪ್ಪ, ಉಡುಪಿ ಕಡೆಯವನು, ಅಬುಧಾಬಿಯ ಮುಸಫ್ಫಾದಲ್ಲಿ ವೆಲ್ಡರ್. ಉಬೈದ್ ಕಾಗದವನ್ನು ಎರಡು ಸಲ ಓದಿ ಹುಮೈರಳ ಕಡೆ ತಳ್ಳಿದ.

"ಇವನು ಸೆಪ್ಟೆಂಬರಿನಲ್ಲಿ ಸತ್ತಿದ್ದಾನೆ," ಎಂದ. "ಹೆಣ ಊರಿಗೆ ಹೋಗಿದೆ. ಕಳಿಸಿದ್ದು ಇದೇ ಫೌಂಡೇಶನ್, ರಾಹೇಲ್‌ರ ಲೆಕ್ಕದಲ್ಲಿ ಹೆಸರಿದೆ."

ಸತ್ತವನ ಫೋನಿನಿಂದ ಬದುಕಿರುವ ಮಗುವಿಗೆ ಬೆದರಿಕೆ. ಹುಮೈರ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡಳು.

ಮಂಗಳವಾರ ಬೆಳಿಗ್ಗೆ, ಅಬುಧಾಬಿ ಪೊಲೀಸರ ಒಪ್ಪಿಗೆ ಪಡೆದು, ಇಬ್ಬರೂ ಮುಸಫ್ಫಾಕ್ಕೆ ಹೋದರು. ಜೊತೆಗೆ ಕಾನ್‌ಸ್ಟೇಬಲ್ ಮೈಮೂನ. ಕೊರಗಪ್ಪ ಇದ್ದ ಕೂಲಿಯವರ ವಸತಿ, ಆರು ಮಂಚದ ಕೋಣೆ, ಒಂದು ಮಂಚ ಖಾಲಿ. ಕೊರಗಪ್ಪನ ಪಕ್ಕದ ಮಂಚದವನು ಹರ್ಬರ್ಟ್, ಶಿರ್ವದವನು. ಪೊಲೀಸರನ್ನು ಕಂಡದ್ದೇ ತಡ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಎಂತ ಮಾಡಿದೆ ಅಕ್ಕ ನಾನು? ವೀಸಾ ಸರಿ ಉಂಟು ನನ್ನದು."

"ನಿನ್ನ ವೀಸಾ ಕೇಳ್ಳಿಕ್ಕೆ ಬಂದದ್ದಲ್ಲ ಮಾರಾಯ. ಕೊರಗಪ್ಪನ ಫೋನು ಎಲ್ಲುಂಟು?"

"ಅದು ಊರಿಗೆ ಹೋಯ್ತಲ್ಲ. ನಾನೇ ಬ್ಯಾಗಿಗೆ ಹಾಕಿದ್ದು. ಚಾರ್ಜರು, ಚಪ್ಪಲಿ, ಎಲ್ಲ."

"ಬ್ಯಾಗು ಯಾರ ಕೈಗೆ ಕೊಟ್ಟೆ?"

"ನೂರುದ್ದೀನ್ ಸಾಹೇಬ್ರ ಕೈಗೆ. ದುಬೈ ದೇರಾದ ಮಸಾಲೆ ಅಂಗಡಿಯವ್ರು. ಹೆಣ ಕಳಿಸಿದ್ದೂ ಅವ್ರೇ ಅಲ್ವಾ? ಅಂಥ ಮನುಷ್ಯ ಸಿಗ್ಲಿಕ್ಕಿಲ್ಲ ಅಕ್ಕ. ಜಾತಿ ಕೇಳುದಿಲ್ಲ, ಧರ್ಮ ಕೇಳುದಿಲ್ಲ."

ನೂರುದ್ದೀನ್ ಸಾಹೇಬರನ್ನು ಅರಿಯದ ಭಟ್ಕಳದವರು ದುಬೈಯಲ್ಲಿ ಇದ್ದಾರೆಯೇ? ಎಪ್ಪತ್ತು ದಾಟಿದ ಮನುಷ್ಯ. ಮದುವೆ ಮನೆಗೆ ಅವರು ಕಾಲಿಟ್ಟರೆ ಹುಡುಗರು ಎದ್ದು ಕುರ್ಚಿ ಬಿಡುತ್ತಿದ್ದರು. ಇವಳ ಸ್ವಂತ ಮಾವನವರ ಕಣ್ಣಿನ ಚಿಕಿತ್ಸೆ ಸಾಹೇಬರ ಕೈಯಿಂದ ಆಗಿತ್ತು.

"ಏನಂದ?" ಉಬೈದ್ ಕೇಳಿದ.

ಹೆಸರನ್ನು ನುಂಗಿಬಿಡಬಹುದಿತ್ತು. ಯಾರಿಗೆ ತಿಳಿಯುತ್ತಿತ್ತು? ಅವಳು ನುಂಗಲಿಲ್ಲ, ಇದ್ದಂತೆಯೇ ಹೇಳಿದಳು. ಆಮೇಲೆ, ಸೇರಿಸಬಾರದು ಎಂದು ಗೊತ್ತಿದ್ದೂ, "ಅವರು ಅಂಥವರಲ್ಲ," ಎಂದು ಸೇರಿಸಿದಳು.

"ಅದನ್ನು ಇವನು ಹೇಳಿದನೋ, ನೀವು ಹೇಳಿದಿರೋ?"

"ನಾನು."

"ಬರೆದುಕೊಳ್ಳುವುದಿಲ್ಲ," ಎಂದ ಉಬೈದ್. ಬಯ್ಯಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಕಾರಿನಿಂದಲೇ ಉಡುಪಿಗೆ, ಕೊರಗಪ್ಪನ ಹೆಂಡತಿ ಸ್ವರ್ಣಲತಾಗೆ ಫೋನ್ ಮಾಡಿದರು.

"ಬ್ಯಾಗು ಬಂತಾ ಅಮ್ಮ?"

"ಬಂತು ಅಕ್ಕ. ಫೋನು ಮಾತ್ರ ಬರ್ಲಿಲ್ಲ. ಅದರಲ್ಲಿ ಅವರ ಸ್ವರ ಉಂಟು, ಮಗಳಿಗೆ ಹಾಡು ಹೇಳಿದ್ದು. ಸಿಕ್ಕಿದ್ರೆ ಕಳಿಸ್ತೀರಾ?"

ಹುಮೈರ ಅದನ್ನೂ ಅರಬ್ಬಿಗೆ ತಿರುಗಿಸಿದಳು. ಉಬೈದ್ ಕಿಟಕಿಯ ಕಡೆ ನೋಡುತ್ತ, "ಬ್ಯಾಗು ವಿಮಾನ ಹತ್ತುವವರೆಗೆ ಹತ್ತು ಕೈ ದಾಟಿರುತ್ತದೆ. ಒಬ್ಬ ಮುದುಕನ ಹೆಸರು ಬಂದ ಮಾತ್ರಕ್ಕೆ ಏನೂ ಆಗಲಿಲ್ಲ," ಎಂದ. ಆ ಮಾತಿಗೆ ಅವಳಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರ ಬಗ್ಗೆ ರಾಹೇಲ್‌ರನ್ನು ಕೇಳಿದಾಗ ಅವರಿಗೆ ಸಿಟ್ಟೇ ಬಂತು. ನೂರುದ್ದೀನ್ ಅಜ್ಜನ ಕಾಲದಿಂದ ನಡುವಿನ ಮನುಷ್ಯ. ಫೌಂಡೇಶನ್ ಕೊಟ್ಟದ್ದನ್ನು ಬೇಕಾದವರಿಗೆ ಮುಟ್ಟಿಸುವವನು. ವರ್ಷ ವರ್ಷ ಲೆಕ್ಕ ತನಿಖೆಯಾಗುತ್ತದೆ, ಇವತ್ತಿನವರೆಗೆ ಚಿಕ್ಕಾಸು ಆಚೀಚೆ ಆಗಿಲ್ಲ. "ಅವನಿಗೇನು ಲಾಭ?" ಎಂದು ಕೇಳಿದರು. ಸತ್ತವನ ಫೋನು ಭಾನುವಾರ ರಾತ್ರಿಯಿಂದ ಬಂದ್ ಆಗಿತ್ತು. ತಾಮಾರ್ ಶಾಲೆಗೆ ಹೋಗಿರಲಿಲ್ಲ, ಸೈಕಲ್ಲನ್ನು ಮನೆಯೊಳಗೆ ತಂದಿಟ್ಟಿದ್ದರು.

ಬುಧವಾರ ಬೆಳಗಾಯಿತು, ಆರೋಪಿ ಸಿಕ್ಕಲಿಲ್ಲ. ಹತ್ತು ಗಂಟೆಗೆ ಉಬೈದ್ ಆಸ್ಪತ್ರೆಗೆ ಫೋನ್ ಮಾಡಿದ, ಇನ್ನೊಂದು ದಿನ ತಡೆಯಿರಿ ಎಂದು ಕೇಳಲು. ಅತ್ತಲಿಂದ ಬಂದ ಮಾತು ಕೇಳುತ್ತ ಕೇಳುತ್ತ ಕುರ್ಚಿಯಿಂದ ಎದ್ದು ನಿಂತ.

"ಹಣ ಕಟ್ಟಿಯಾಗಿದೆಯಂತೆ. ಸೋಮವಾರ ಸಂಜೆಯೇ."

"ಅಲ್‌ಹಮ್ದುಲಿಲ್ಲಾಹ್," ಎಂದಳು ಹುಮೈರ. "ರಾಹೇಲ್ ಮೇಡಂ ಮನಸ್ಸು ಬದಲಿಸಿರಬೇಕು."

"ಇಲ್ಲ. ಯಾರೋ ಬಂದು ಕಟ್ಟಿದ್ದಾರೆ. ತನ್ನ ಹೆಸರು ಯಾರಿಗೂ ಹೇಳಬಾರದು ಅಂದಿದ್ದಾರಂತೆ." ಅವನು ಅವಳನ್ನೇ ನೋಡಿದ. "ಹುಮೈರ, ಫೌಂಡೇಶನ್ ಕೊಡುತ್ತದೆ ಅಂತಲೇ ಆಸ್ಪತ್ರೆಯವರು ಕಾದಿದ್ದರು, ಹುಡುಗನ ತಾಯಿಯೂ ಕಾದಿದ್ದಳು. ಕೊಡುವುದಿಲ್ಲ ಅಂತ ಭಾನುವಾರ ಸಂಜೆ ತಿಳಿದವನು ಒಬ್ಬನೇ. ಆ ಸಂದೇಶ ಓದಿದವನು."

ಬೆದರಿಸಿದವನೇ ಹಣ ಕಟ್ಟಿದ್ದಾನೆ. ಆಸ್ಪತ್ರೆಯವರು ಹಣ ಕಟ್ಟಿದವನ ಗುರುತಿನ ಚೀಟಿಯಲ್ಲಿದ್ದ ಹೆಸರು ಕಳಿಸುವ ಮೊದಲೇ ಅವಳಿಗೆ ಗೊತ್ತಾಗಿಹೋಗಿತ್ತು.

ಹನ್ನೆರಡಕ್ಕೆ ದೇರಾದ ಅಂಗಡಿಗೆ ಹೋದಾಗ ಕೂಲಿಯವರು ಏಲಕ್ಕಿ ಮೂಟೆಗಳನ್ನು ಹೊತ್ತು ಪಕ್ಕದ ಅಂಗಡಿಗೆ ಸಾಗಿಸುತ್ತಿದ್ದರು. ಸರಕನ್ನೆಲ್ಲ ಸೋಮವಾರ ಒಂದೇ ಮಾತಿಗೆ ಮಾರಿಬಿಟ್ಟಿದ್ದರಂತೆ ಸಾಹೇಬರು. ಖಾಲಿ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದರು. ಹುಮೈರಳನ್ನು ನೋಡಿದರು, ಪೊಲೀಸರನ್ನು ನೋಡಿದರು.

"ನಿನ್ನನ್ನೇ ಕಳಿಸಿದ್ರಾ ಮಗಳೇ," ಎಂದರು ನವಾಯತಿಯಲ್ಲಿ.

ಕೇಳುವ ಮೊದಲೇ ಗಲ್ಲಾಪೆಟ್ಟಿಗೆಯ ಅಡಿಯಿಂದ ಕೊರಗಪ್ಪನ ಫೋನು ತೆಗೆದುಕೊಟ್ಟರು. ಪಕ್ಕದ ಅಂಗಡಿಯವನನ್ನು ಸಾಕ್ಷಿಗೆ ಕರೆದು ಮೈಮೂನ ಜಪ್ತಿಯ ಕಾಗದ ಬರೆದಳು, ಊರಿನ ಮಾತಿನಲ್ಲಿ ಪಂಚನಾಮೆ. ಹನ್ನೆರಡೂ ನಲವತ್ತಕ್ಕೆ ಬಂಧನ.

ಠಾಣೆಯಲ್ಲಿ ಉಬೈದ್ ಕೇಳಿದ್ದು ಕೆಲವೇ ಪ್ರಶ್ನೆ.

"ಯಹೂದಿಗಳ ಮೇಲೆ ದ್ವೇಷವೇ?"

"ಅವರ ಅಜ್ಜನ ತಟ್ಟೆಯಲ್ಲಿ ಉಂಡವನು ನಾನು."

"ಮತ್ತೆ ಯಾಕೆ?"

"ಮೂವತ್ತು ವರ್ಷ ಜನ ನನ್ನ ಕೈ ಕಣ್ಣಿಗೊತ್ತಿಕೊಂಡ್ರು. ನಾನು ಕೊಟ್ಟೆ ಅಂತ ಒಂದು ದಿನವೂ ಹೇಳ್ಲಿಲ್ಲ. ನಾನಲ್ಲ ಅಂತಲೂ ಹೇಳ್ಲಿಲ್ಲ. ಹೇಳ್ಬಾರದು ಅಂತ ಕಟ್ಟಳೆ ಇತ್ತಲ್ಲ, ಅದು ನನಗೆ ಹಿತವಾಗಿ ಹೋಯ್ತು. ಬೋರ್ಡು ಬಿದ್ದ ದಿನ ನಾನು ಯಾರು? ಮಸಾಲೆ ಮಾರುವ ಮುದುಕ. ಇಷ್ಟು ವರ್ಷ ಯಾರದೋ ದುಡ್ಡಲ್ಲಿ ಯಲ್ಲಮ್ಮನ ಜಾತ್ರೆ ಮಾಡ್ದ ಅಂತ ನಗ್ತಾರೆ. ಬೋರ್ಡು ಒಂದು ನಿಂತ್ರೆ ಸಾಕು ಅಂದ್ಕೊಂಡೆ. ಕೊಡೋದೇ ನಿಲ್ಲಿಸ್ತಾರೆ ಅಂತ ಎಣಿಸಿರ್ಲಿಲ್ಲ."

"ಆ ಹುಡುಗಿ?"

"ಅವಳ ಕೂದಲೂ ಮುಟ್ತಿರ್ಲಿಲ್ಲ."

"ಅದು ಅವಳ ತಾಯಿಗೆ ಗೊತ್ತಿರಲಿಲ್ಲ."

ಸಾಹೇಬರು ತಲೆ ತಗ್ಗಿಸಿದರು. ಹೇಳಿಕೆಯನ್ನು ಓದಿ ಹೇಳುವಾಗ ಹುಮೈರಳ ಸ್ವರ ಎರಡು ಕಡೆ ಒಡೆಯಿತು. ಅವಳಿಗೆ ಅವರ ಮೇಲೆ ಸಿಟ್ಟಿತ್ತು, ತಡೆಯಲಾರದಷ್ಟು ದುಃಖವೂ ಇತ್ತು. ಸಹಿಯಾಯಿತು.

ಗುರುವಾರ ಸಂಜೆ ಅವರನ್ನು ಪ್ರಾಸಿಕ್ಯೂಷನ್‌ಗೆ ಒಪ್ಪಿಸಲು ಹೊರಡಿಸುವಾಗ ಮೇಜಿನ ಮೇಲಿದ್ದ ಅವರ ಸ್ವಂತ ಫೋನು ರಿಂಗಾಯಿತು. ಅಯ್ಮನ್‌ನ ತಾಯಿ ಸಕೀನ. ಉಬೈದ್ ಸ್ಪೀಕರ್ ಹಾಕಿ, ಮಾತಾಡಲಿ ಎಂದು ಸನ್ನೆ ಮಾಡಿದ.

"ಸಾಹೇಬ್ರೇ, ಆಪರೇಷನ್ ಆಯ್ತು. ಕಣ್ಣು ಬಿಟ್ಟ. ನೀರು ಕೇಳಿದ." ಆಕೆ ಅಳುತ್ತಿದ್ದಳು. "ನೀವು ಅಂಗಡಿ ಸರಕೆಲ್ಲ ಮಾರಿದ್ರಿ ಅಂತ ಜನ ಹೇಳ್ತಿದ್ದಾರೆ. ಹಣ ಕಟ್ಟಿದ್ದು ನೀವೇ ಅಲ್ವಾ?"

"ಏನು ಕೇಳುತ್ತಿದ್ದಾಳೆ?" ಉಬೈದ್ ಪಿಸುಗುಟ್ಟಿದ. ಹುಮೈರ ಹೇಳಿದಳು.

"ನಾನಲ್ಲ ಮಗಳೇ," ಎಂದರು ನೂರುದ್ದೀನ್ ಸಾಹೇಬರು. "ಯಾವತ್ತೂ ನಾನಲ್ಲ. ಕೊಟ್ಟವರು ಬೇರೆ. ಮನಶ್ಶೆ ಅಂತ, ಯಹೂದಿ ಮನೆತನ. ಮಿರ್ದಿಫ್‌ನಲ್ಲಿದ್ದಾರೆ."

ಉಬೈದ್ ಮತ್ತೆ ಹುಮೈರಳ ಮುಖ ನೋಡಿದ. ಅವಳು ಒಂದಕ್ಷರ ಕೂಡಿಸದೆ ಕಳೆಯದೆ ತಿರುಗಿಸಿದಳು. ಅವನು ತಿದ್ದಲು ಹೋಗಲಿಲ್ಲ.

ಸಕೀನ ಕೇಳಿದಳು: "ಆ ಹೆಸರು ಇನ್ನೊಂದ್ಸಲ ಹೇಳಿ ಸಾಹೇಬ್ರೇ. ದುವಾ ಮಾಡುವಾಗ ತಪ್ಪಬಾರದು."

ಸಾಹೇಬರು ಫೋನಿನ ಹತ್ತಿರ ಬಾಗಿ, ಆಕೆಗೆ ಬಾಯಿಪಾಠವಾಗುವವರೆಗೆ, ನಿಧಾನವಾಗಿ ಹೇಳಿಕೊಟ್ಟರು.