ಸದೀಲ್ ಗೆದ್ದ ಡಿಬೇಟ್

“ಮೊದಲು ಇಲ್ಲಿರೋದನ್ನ ಸರಿ ಮಾಡ್ಬೇಕು. ಆಮೇಲೆ ಮಂಗಳ ಗ್ರಹ, ಗುರು ಗ್ರಹ, ಎಲ್ಲಿಗ್ ಬೇಕಾದ್ರೂ ಹೋಗು,” ಎಂದಳು ರಿನಾದ್.

“ಇಲ್ಲಿರೋದೆಲ್ಲ ಸರಿ ಆಗೋ ಹೊತ್ತಿಗೆ ನೀನು ಹಣ್ಣುಹಣ್ಣು ಮುದುಕಿ ಆಗಿರ್ತೀಯ. ಕೋಲೂರ್‍ಕೊಂಡು ರಾಕೆಟ್ ಹತ್ತು!” ಎಂದಳು ಸದೀಲ್.

ಇಬ್ಬರೂ ತಾರಸಿಯ ಮೇಲೆ, ನೀರಿನ ಟ್ಯಾಂಕುಗಳ ನೆರಳಿನಲ್ಲಿ ಕುಳಿತಿದ್ದರು. ಮರುದಿನ ಐದನೇ ಕ್ಲಾಸಿನಲ್ಲಿ ಡಿಬೇಟ್ ಇತ್ತು. ಮನುಷ್ಯರು ಬೇರೆ ಗ್ರಹದಲ್ಲಿ ಮನೆ ಕಟ್ಟಬೇಕೋ, ಮೊದಲು ಭೂಮಿಯ ತೊಂದರೆಗಳನ್ನು ನೀಗಿಸಬೇಕೋ? ಸದೀಲ್ ‘ಮನೆ ಕಟ್ಟಬೇಕು’ ಅನ್ನುವ ಕಡೆ. ಕೆಳಗಿನ ಮನೆಯ ರಿನಾದ್ ಎದುರು ಕಡೆ.

ಅಷ್ಟರಲ್ಲಿ ಬೀದಿಯಿಂದ ಯಾರೋ ಕೂಗಿದರು. “ನೀರು ಬಂತು! ನೀರು ಬಂತು!”

ಜೋರ್ಡಾನ್ ದೇಶದ ಅಮ್ಮಾನ್ ನಗರದ ಆ ಬೀದಿಗೆ ನಲ್ಲಿ ನೀರು ಬರುವುದು ಸೋಮವಾರ ಮಾತ್ರ. ರಿನಾದ್ ಕೆಳಗೆ ಓಡಿದಳು.

“ಸದೀಲ್, ಪಂಪ್ ಹಾಕಮ್ಮ!” ಅಮ್ಮ ಮೆಟ್ಟಿಲ ಕೆಳಗಿಂದ ಕೂಗಿದಳು. “ನಮ್ ಟ್ಯಾಂಕ್ ತುಂಬಿದ ತಕ್ಷಣ ಆರಿಸ್ಬಿಡು. ರಿನಾದ್ ಮನೆ ಪಂಪ್ ಸುಟ್ಟುಹೋಗಿದೆ. ನಮ್ದು ಓಡ್ತಾ ಇದ್ರೆ ಅವರ ಟ್ಯಾಂಕಿಗೆ ಒಂದು ಹನೀನೂ ಹತ್ತಲ್ಲ.”

“ಆಯ್ತಮ್ಮ!”

ಸದೀಲ್ ಪಂಪ್ ಹಾಕಿದಳು. ತಾರಸಿಯ ತುಂಬ ಡಿಶ್ ಆಂಟೆನಾಗಳು ಮುಖ ಎತ್ತಿಕೊಂಡು ನಿಂತಿದ್ದವು. ಅವುಗಳೇ ಕ್ಲಾಸಿನ ಮಕ್ಕಳು ಎಂದುಕೊಂಡು ಅವಳು ಭಾಷಣ ಶುರುಮಾಡಿದಳು. ಶಾಲೆಯ ಟ್ರಿಪ್ಪಿನಲ್ಲಿ ವಾದಿ ರಮ್ ಮರುಭೂಮಿಗೆ ಹೋಗಿದ್ದಾಗ ಕೆಂಪು ಮರಳನ್ನು ನೋಡಿದಾಗಿನಿಂದ ಅವಳಿಗೆ ಮಂಗಳ ಗ್ರಹದ್ದೇ ಹುಚ್ಚು. ಒಂದು ಸಲ ಹೇಳಿದಳು. ಸಾಲದೆಂದು ಕೈ ಬೀಸಿ ಇನ್ನೊಮ್ಮೆ ಹೇಳಿದಳು.

ಚಪ್ಪಲಿ ತಣ್ಣಗಾಯಿತು. ನೋಡಿದರೆ ತಾರಸಿಯ ತುಂಬ ನೀರು! ಸದೀಲ್ ಮನೆಯ ಟ್ಯಾಂಕು ತುಂಬಿ ಸುರಿಯುತ್ತಿತ್ತು.

ಓಡಿ ಹೋಗಿ ಪಂಪ್ ಆರಿಸಿದಳು. ರಿನಾದ್ ಮನೆಯ ಟ್ಯಾಂಕಿನ ಮುಚ್ಚಳ ಎತ್ತಿ ಇಣುಕಿದಳು. ತಳ ಮಾತ್ರ ಒದ್ದೆಯಾಗಿತ್ತು. ‘ಈಗ ಬರುತ್ತೆ,’ ಅಂದುಕೊಂಡು ಕಾದಳು. ಬರಲಿಲ್ಲ. ಬೀದಿಯ ನೀರು ನಿಂತುಹೋಗಿತ್ತು.

ಸಂಜೆ ರಿನಾದ್ ಮೇಲೆ ಬಂದಳು. ತಮ್ಮ ಟ್ಯಾಂಕು ನೋಡಿದಳು. ಒದ್ದೆಯಾದ ತಾರಸಿ ನೋಡಿದಳು. ಸದೀಲ್ ಕಡೆ ತಿರುಗಿಯೂ ನೋಡದೆ ಇಳಿದುಹೋದಳು.

ಮರುದಿನ ರಿನಾದ್ ಕ್ಲಾಸಿಗೆ ಬಂದಾಗ ಅವಳ ಯೂನಿಫಾರ್ಮಿನ ಮೇಲೆ ಹಿಂದಿನ ದಿನದ ಟೊಮ್ಯಾಟೊ ಕಲೆ ಒಗೆಯದೆ ಹಾಗೇ ಇತ್ತು.

ಸದೀಲ್ ಭಾಷಣ ಚೆನ್ನಾಗಿಯೇ ಬಂತು. ಆಮೇಲೆ ರಿನಾದ್ ಎದ್ದು ನಿಂತಳು.

“ಭೂಮಿಯಲ್ಲಿ ತೊಂದರೆ ಇದೆ, ತೊಂದರೆ ಇದೆ ಅಂತೀಯಲ್ಲ, ಒಂದು ಉದಾಹರಣೆ ಕೊಡಮ್ಮ. ನೀನು ಕಣ್ಣಾರೆ ನೋಡಿದ್ದು,” ಎಂದರು ಟೀಚರ್ ಮಿಸ್ ಅರೀಜ್.

ಸದೀಲ್ ಬೆಂಚಿನ ಅಂಚು ಹಿಡಿದುಕೊಂಡಳು. ‘ಹೇಳ್ತಾಳೆ. ಈಗ ಹೇಳ್ತಾಳೆ.’

ರಿನಾದ್ ಅವಳನ್ನೊಮ್ಮೆ ನೋಡಿದಳು. ಕಲೆಯ ಮೇಲೆ ಕೈ ಮುಚ್ಚಿಕೊಂಡಳು.

“ನಮ್ಮ... ನಮ್ಮ ಬೀದಿ ಬೆಕ್ಕುಗಳಿಗೆ ಮನೆ ಇಲ್ಲ, ಮಿಸ್.”

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. “ಬೆಕ್ಕುಗಳನ್ನೂ ಮಂಗಳಕ್ಕೆ ಕಳಿಸೋಣ!” ಎಂದು ಹಿಂದಿನ ಬೆಂಚಿನವಳು ಕೂಗಿದಳು. ಡಿಬೇಟ್ ಗೆದ್ದದ್ದು ಸದೀಲ್. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ತಲೆ ಎತ್ತಲಿಲ್ಲ.

ಮನೆಯಲ್ಲಿ ಅಮ್ಮ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಇಟ್ಟು ಸುರುಳಿ ಸುತ್ತುತ್ತಿದ್ದಳು. ಸದೀಲ್ ಎಲ್ಲವನ್ನೂ ಹೇಳಿದಳು. ಅಮ್ಮನ ಕೈ ನಿಂತಿತು.

“ಅಯ್ಯೋ ದೇವರೇ! ಪುಟ್ಟ ಮಗು ಇರೋ ಮನೆ. ಅದರ ಬಟ್ಟೆನಾದ್ರೂ ಹೇಗೆ ಒಗೀತಾರೆ?”

“ನಮ್ಮ ಟ್ಯಾಂಕಿಂದ ಅರ್ಧ ಕೊಡೋಣಮ್ಮ.”

“ಕೊಡೋಣ. ಆದ್ರೆ ಮುಂದಿನ ಸೋಮವಾರದವರೆಗೂ ನಾವು ಚೊಂಬಲ್ಲಿ ಅಳೆದು ಸ್ನಾನ ಮಾಡ್ಬೇಕು.”

“ನಾನು ಸ್ನಾನಾನೇ ಮಾಡಲ್ಲ!” ಸದೀಲ್ ಬಿಕ್ಕಿದಳು.

“ಆಹಾ, ಒಳ್ಳೇ ನೆಪ ಸಿಕ್ತು ನೋಡು!” ಎಂದು ಅಮ್ಮ ನಕ್ಕು, ಅಕ್ಕಿ ಮೆತ್ತಿದ ಕೈಯ ಹಿಂಭಾಗದಿಂದ ಅವಳ ಕೆನ್ನೆ ಒರೆಸಿದಳು. “ಹೋಗು. ಮೊದಲು ನೀನೇ ಅವರಿಗೆ ಹೇಳಿ ಬಾ.”

ರಿನಾದ್ ತಾಯಿ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಾಗಿಲು ತೆರೆದಳು.

“ಖಾಲ್ತೋ, ಚಿಕ್ಕಮ್ಮಾ, ನಿನ್ನೆ ಪಂಪ್ ಆರಿಸೋದು ಮರೆತವಳು ನಾನೇ.”

“ಗೊತ್ತು, ಹಬೀಬ್ತಿ, ನನ್ನ ಬಂಗಾರ. ರಿನಾದ್ ಹೇಳಿದ್ಳು. ಒಳಗೆ ಬಾ.”

ಸದೀಲ್‌ಗೆ ಆಶ್ಚರ್ಯವಾಯಿತು. ರಿನಾದ್ ಅಮ್ಮನಿಗೆ ಹೇಳಿದ್ದಳು. ಕ್ಲಾಸಿನಲ್ಲಿ ಮಾತ್ರ ಹೇಳಿರಲಿಲ್ಲ.

ತಾರಸಿಯಲ್ಲಿ ಸದೀಲ್ ಮನೆಯ ಟ್ಯಾಂಕು ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಅಮ್ಮ ಅದರ ನಲ್ಲಿಗೆ ಪೈಪು ಸಿಕ್ಕಿಸಿಕೊಟ್ಟು ಹೋದಳು. ಪೈಪಿನ ಇನ್ನೊಂದು ತುದಿ ರಿನಾದ್ ಮನೆಯ ಟ್ಯಾಂಕಿನ ಬಾಯಿಂದ ಮತ್ತೆಮತ್ತೆ ಜಾರುತ್ತಿತ್ತು. ಸದೀಲ್ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಳು. ಪಕ್ಕದಲ್ಲಿ ರಿನಾದ್.

“ಕ್ಲಾಸಲ್ಲಿ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನೀನೇ ಗೆಲ್ತಿದ್ದೆ.”

“ಗೆದ್ದು? ಆಮೇಲೆ ತಾರಸಿಗೆ ಯಾರ ಜೊತೆ ಬರ್ಲಿ?”

ಸದೀಲ್ ಪೈಪನ್ನು ಇನ್ನಷ್ಟು ಒತ್ತಿ ಹಿಡಿದಳು.

“ಆದ್ರೂ ನಾನು ಹೇಳಿದ್ದೇ ಸರಿ ಕಣೇ,” ಎಂದಳು ರಿನಾದ್. “ಮೊದಲು ಇಲ್ಲಿ.”

“ಇಲ್ಲ ಕಣೇ. ಮಂಗಳಕ್ಕೂ ಹೋಗ್ಲೇಬೇಕು.” ಸದೀಲ್ ಅವಳ ಕಡೆ ತಿರುಗಿದಳು. “ಆದ್ರೆ ನೀನೂ ಬರ್ಬೇಕು.”

“ನಿನ್ನ ಜೊತೆನಾ? ಅಲ್ಲಿ ಪಂಪ್ ನನ್ನ ಕೈಯಲ್ಲಿ ಇದ್ರೆ ಮಾತ್ರ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪೈಪು ಜಾರಿ ಇಬ್ಬರ ಮುಖಕ್ಕೂ ನೀರು ಚಿಮ್ಮಿತು. ಸದೀಲ್ ಗಾಬರಿಯಿಂದ ಅದನ್ನು ಹಿಡಿದು ಮತ್ತೆ ಒಳಗೆ ತೂರಿಸಿದಳು.

“ಕೈ ನೋಯ್ತಿದೆಯಲ್ವಾ? ಕೊಡು, ನಾನ್ ಹಿಡೀತೀನಿ,” ಎಂದಳು ರಿನಾದ್.

“ಬೇಡ, ಇರು,” ಎಂದಳು ಸದೀಲ್. ಕೈ ನಿಜವಾಗಿಯೂ ನೋಯುತ್ತಿತ್ತು. ಅವಳು ಬಗ್ಗಿ, ಗೆಳತಿಯ ಮನೆಯ ಟ್ಯಾಂಕಿನೊಳಗೆ ನೀರು ಮೆಲ್ಲಗೆ ಮೇಲೇರುವುದನ್ನೇ ನೋಡುತ್ತ ನಿಂತಳು.